ಬಂಡೆ, ಬಯಲು, ಹಳ್ಳ, ತೋಟ: ಹಾಸನ–ಚಿಕ್ಕಮಗಳೂರಿನಲ್ಲಿ ಪ್ರಾಣಿಗಳ ಹೊಂದಾಣಿಕೆಯನ್ನು ನೋಡುತ್ತ

ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ಬಯಲಿನಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ರೈತರು ಅದನ್ನು ಒಳ್ಳೆಯ ವರ್ಷವೆಂದೇ ಎಣಿಸುತ್ತಾರೆ. ಅದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಅದರ ಮೂರು ಪಟ್ಟು ಮಳೆ ಬಿದ್ದರೂ ಯಾರೂ ಅಚ್ಚರಿಪಡುವುದಿಲ್ಲ. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಪಕ್ಕದ ಹಾಸನ ಜಿಲ್ಲೆಯನ್ನೂ ಸೇರಿಸಿಕೊಂಡರೆ ಶ್ರವಣಬೆಳಗೊಳದ ಬೋಳು ಕಲ್ಲುಬೆಟ್ಟ, ಅರಸೀಕೆರೆ–ಬಾಣಾವರದ ಒಣ ಬಯಲು, ಮುಳ್ಳಯ್ಯನಗಿರಿಯ ಹುಲ್ಲು ನೆತ್ತಿ, ಮಲೆನಾಡಿನ ಹಳ್ಳಗಳು, ಕಾಫಿ ಮತ್ತು ಅಡಿಕೆ ತೋಟಗಳು ಎಲ್ಲವೂ ಒಂದು ವಾರದೊಳಗೆ ನೋಡಿ ಮುಗಿಸುವಷ್ಟು ಹತ್ತಿರದಲ್ಲಿವೆ. ಪ್ರಾಣಿಗಳ ದೇಹವೂ ನಡವಳಿಕೆಯೂ ನೆಲೆಗೆ ತಕ್ಕಂತೆ ಹೇಗೆ ರೂಪುಗೊಂಡಿವೆ ಎಂಬುದನ್ನು ಪಾಠ ಮಾಡುವ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇಳಿಮುಖವಾಗಿ ಹಳ್ಳಗಳು ತಿಳಿಯಾಗುವ ಹೊತ್ತಿಗೆ, ನಾವು ಮೂವರು ಹೊರಟೆವು: ನನಗೆ ಪ್ರಾಣಿಶಾಸ್ತ್ರ ಕಲಿಸಿದ, ಈಗ ನಿವೃತ್ತರಾಗಿರುವ ನಮ್ಮ ಮೇಷ್ಟ್ರು, ಕಪ್ಪೆಗಳ ಬಗ್ಗೆ ಸಂಶೋಧನೆ ಆರಂಭಿಸಿರುವ ಒಬ್ಬ ವಿದ್ಯಾರ್ಥಿನಿ ಮತ್ತು ನಾನು. ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಲ್ಲವನ್ನೂ ನೋಡಬೇಕೆಂದು ಮೇಷ್ಟ್ರು ಹೊರಡುವ ಮೊದಲೇ ಹೇಳಿದ್ದರು. ಈ ಜೀವಿಯ ಹೊಂದಾಣಿಕೆಯಲ್ಲಿ ಮೂಳೆ, ಚರ್ಮ, ಸ್ನಾಯುಗಳಲ್ಲಿ ಅಚ್ಚಾಗಿ ಹೋದ ಪಾಲು ಎಷ್ಟು, ತನ್ನ ಒಂದೇ ಆಯುಷ್ಯದೊಳಗೆ ನಡವಳಿಕೆಯಿಂದ ಬದಲಿಸಿಕೊಳ್ಳಬಲ್ಲ ಪಾಲು ಎಷ್ಟು? ಮೊದಲನೆಯದಕ್ಕೆ ಸಾವಿರಾರು ತಲೆಮಾರು ಬೇಕು. ಎರಡನೆಯದಕ್ಕೆ ಕೆಲವೊಮ್ಮೆ ಒಂದು ಮಳೆಗಾಲ ಸಾಕು.

ಶನಿವಾರ, ಶ್ರವಣಬೆಳಗೊಳ

ವಿಂಧ್ಯಗಿರಿಯನ್ನು ಚಪ್ಪಲಿ ಬಿಟ್ಟೇ ಹತ್ತಬೇಕು. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಒಂದೇ ಬಂಡೆಯ ಮೈಯಲ್ಲಿ ಕಡಿದಿದ್ದಾರೆ. ಬೆಳಿಗ್ಗೆ ಎಂಟರ ಹೊತ್ತಿಗೆ ತಣ್ಣಗಿದ್ದ ಕಲ್ಲು ಹನ್ನೊಂದು ದಾಟುವಾಗ ಪಾದ ಊರಲಾಗದಷ್ಟು ಕಾದಿತ್ತು. ಯಾತ್ರಿಕರು ನೆರಳಿದ್ದ ಕಡೆಗೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಾಗ ನಾವು ಮೆಟ್ಟಿಲಿನ ಪಕ್ಕದ ಇಳಿಜಾರಿನಲ್ಲಿ ಬಂಡೆಯ ಓತಿಕ್ಯಾತವನ್ನು ನೋಡುತ್ತ ಕುಳಿತಿದ್ದೆವು. ಸ್ಯಾಮೊಫಿಲಸ್ ಡಾರ್ಸಾಲಿಸ್ ಎಂದು ಹೆಸರಿರುವ ಈ ಓತಿ ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಸಾಮಾನ್ಯ. ಹೆಣ್ಣು ಮತ್ತು ಮರಿಗಳ ಮೈ ಕಲ್ಲಿನಂತೆಯೇ ಕಂದು, ಬೂದು ಚುಕ್ಕೆಗಳದ್ದು. ಗಂಡು ಮಾತ್ರ ಸಂತಾನೋತ್ಪತ್ತಿಯ ಕಾಲದಲ್ಲಿ ಬಣ್ಣ ತಾಳುತ್ತದೆ.

ಆ ಕಾಲ ಮುಗಿಯುತ್ತ ಬಂದಿತ್ತಾದರೂ ನಮ್ಮೆದುರಿನ ಗಂಡಿನಲ್ಲಿ ಇನ್ನೂ ಬಣ್ಣ ಉಳಿದಿತ್ತು. ಬಂಡೆಯ ಅಂಚಿನಲ್ಲಿ ಮುಂಗಾಲು ಊರಿ ಎದೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಬಿಸಿಲು ಏರಿದಂತೆ ಹೊಟ್ಟೆಯನ್ನು ಕಲ್ಲಿನಿಂದ ಎತ್ತಿ, ಬೆರಳುಗಳ ಮೇಲೆ ಮಾತ್ರ ಭಾರ ಬಿಟ್ಟು ನಿಂತಿತು. ಇನ್ನೂ ಏರಿದಾಗ ಸೀಳಿನೊಳಗೆ ಹೋಯಿತು. ತಣ್ಣನೆಯ ರಕ್ತದ ಪ್ರಾಣಿ ಎಂದು ಪಠ್ಯಗಳಲ್ಲಿ ಬರೆಯುತ್ತೇವೆ, ಆದರೆ ದಿನವಿಡೀ ಬಿಸಿಲು–ನೆರಳಿನ ನಡುವೆ ಸರಿಯುತ್ತ ಮೈಶಾಖವನ್ನು ಬೇಕಾದ ಮಟ್ಟದಲ್ಲಿ ಉಳಿಸಿಕೊಳ್ಳುವ ಈ ಎಚ್ಚರವನ್ನು ಆ ಮಾತು ಹೇಳುವುದೇ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಇದೇ ಓತಿಯ ಬಣ್ಣದ ಮೇಲೆ ಹಲವು ವರ್ಷ ಕೆಲಸ ಮಾಡಿದೆ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಗಂಡು ಎರಡು ಸಂದರ್ಭಗಳಲ್ಲಿ ಎರಡು ಬಗೆಯ ವೇಷ ತಾಳುತ್ತದೆ. ಹೆಣ್ಣಿನ ಎದುರು ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದೆ. ಎದುರಾಳಿ ಗಂಡು ಬಂದಾಗ ಬೆನ್ನು ಹಳದಿಗೂ ಪಕ್ಕೆ ಕಿತ್ತಳೆಗೂ ತಿರುಗುತ್ತದೆ. ಈ ಬದಲಾವಣೆಗೆ ದಿನಗಳು ಬೇಕಿಲ್ಲ, ನಾವು ನೋಡುತ್ತಿದ್ದಂತೆಯೇ ಆಗಿಹೋಗುತ್ತದೆ. ಬೋಳು ಬಂಡೆಯ ಮೇಲೆ ಸದಾ ಬಣ್ಣ ಹೊತ್ತು ಕುಳಿತರೆ ಹದ್ದು, ಗಿಡುಗಗಳ ಕಣ್ಣಿಗೆ ಬೀಳುವುದು ಖಚಿತ. ಬಣ್ಣವೇ ಇಲ್ಲದಿದ್ದರೆ ಹೆಣ್ಣು ಸಿಗುವುದಿಲ್ಲ. ಬೇಕಾದಾಗ ಹಚ್ಚಿಕೊಂಡು ಬೇಡವಾದಾಗ ಅಳಿಸಿಕೊಳ್ಳುವ ಚರ್ಮ ಈ ಎರಡು ಒತ್ತಡಗಳ ನಡುವೆ ಸಿಕ್ಕ ಪರಿಹಾರ. ಅದೇ ತಂಡ 2019ರಲ್ಲಿ ತೋರಿಸಿದ ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಮುಖ್ಯವೆನಿಸುತ್ತದೆ: ನಗರದ ಅಂಚಿನಲ್ಲಿ ಬೆಳೆದ ಓತಿಗಳು ಯಾವ ಅಡಗುತಾಣ ಸುರಕ್ಷಿತವೆಂಬುದನ್ನು ಹಳ್ಳಿಗಾಡಿನ ಓತಿಗಳಿಗಿಂತ ಬೇಗ ಕಲಿಯುತ್ತವೆ. ನಮ್ಮ ಊರುಗಳು ಬೆಳೆದಷ್ಟು ವೇಗವಾಗಿ ಚರ್ಮ, ಮೂಳೆಗಳು ಬದಲಾಗಲಾರವು. ಆ ವೇಗಕ್ಕೆ ಮೊದಲು ಉತ್ತರ ಕೊಡುವುದು ಕಲಿಕೆ.

ಭಾನುವಾರ, ಕಡೂರಿನ ಕಾವಲು

ಹಾಸನದಿಂದ ಅರಸೀಕೆರೆ, ಬಾಣಾವರ ದಾಟಿ ಕಡೂರು ತಲುಪಿ, ಅಲ್ಲಿಂದ ಬಾಸೂರಿನ ಅಮೃತಮಹಲ್ ಕಾವಲಿಗೆ ಹೋದೆವು. ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಹುಲ್ಲುಗಾವಲು ಅದು. ಬೆಳಗಿನ ಹೊತ್ತು ಗಾಳಿಗೆ ಹುಲ್ಲು ಒಂದೇ ದಿಕ್ಕಿಗೆ ಬಾಗಿತ್ತು. ಮೊದಲು ಕಂಡದ್ದು ಹೆಣ್ಣು ಮತ್ತು ಮರಿಗಳ ಗುಂಪು. ಸ್ವಲ್ಪ ದೂರದಲ್ಲಿ ಸುರುಳಿ ಕೊಂಬಿನ ಒಂದು ಕಪ್ಪು ಗಂಡು ತಲೆ ಹಿಂದಕ್ಕೆ ಹಾಕಿಕೊಂಡು ತನ್ನ ಗಡಿಯನ್ನು ಸುತ್ತುತ್ತಿತ್ತು.

ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮ ಬಳಿ ಬಂದು ನಿಂತರು. ಗುಂಪು ಆ ಕಡೆಯ ಎತ್ತರದ ಹುಲ್ಲಿಗೆ ಯಾಕೆ ಹೋಗುವುದಿಲ್ಲವೆಂದು ನಾನು ಕೇಳಿದೆ.

“ಹುಲ್ಲು ಎದೆಮಟ್ಟ ಬೆಳೆದ ಮೇಲೆ ಅವು ಒಳಕ್ಕೆ ಹೋಗಲ್ಲ ಕಣಮ್ಮ. ತೋಳ ಬಂದ್ರೆ ಕಾಣಬೇಕಲ್ಲ ಅವುಕ್ಕೆ. ಮೇದ ಜಾಗದಲ್ಲೇ ಸೇರ್ತವೆ, ಕಣ್ಣಿಗೆ ಬಯಲು ಬೇಕು,” ಎಂದರು.

ಇದೇ ಮಾತನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ 2007ರಲ್ಲಿ ಅಳತೆಗಳ ಸಮೇತ ಪ್ರಕಟಿಸಿದ್ದಾರೆ. ಕೃಷ್ಣಮೃಗಗಳ ಗುಂಪಿನ ಗಾತ್ರವು ಸುತ್ತಲಿನ ಜಾಗ ಎಷ್ಟು ತೆರೆದಿದೆ ಎಂಬುದರೊಂದಿಗೆ ಬದಲಾಗುತ್ತದೆ. ತೆರೆದ ಬಯಲಿನಲ್ಲಿ ಗುಂಪುಗಳು ದೊಡ್ಡವು, ಪೊದೆ ಹೆಚ್ಚಿದಂತೆ ಚಿಕ್ಕವು. ಬಯಲಿನಲ್ಲಿ ಅಡಗಲು ಜಾಗವಿಲ್ಲ, ಆದ್ದರಿಂದ ಹಲವು ಕಣ್ಣುಗಳೇ ಕಾವಲು. ಪಕ್ಕಕ್ಕೆ ಚಾಚಿದ ದೊಡ್ಡ ಕಣ್ಣು, ಉದ್ದನೆಯ ತೆಳು ಕಾಲು, ಗಂಟೆಗೆ ಸುಮಾರು 80 ಕಿಲೋಮೀಟರ್ ಮುಟ್ಟಬಲ್ಲ ಓಟ, ಇವೆಲ್ಲ ದೇಹದಲ್ಲಿ ನಿಂತು ಹೋದವು. ಆ ಓಟವನ್ನು ಬೆನ್ನಟ್ಟಬಲ್ಲ ಚೀತಾ ಈ ಬಯಲುಗಳಿಂದ ಮರೆಯಾಗಿ ಬಹುಕಾಲವಾಯಿತು. ದೇಶದಿಂದಲೇ ಅಳಿದಿದೆ ಎಂದು 1952ರಲ್ಲಿ ಘೋಷಿಸಲಾಯಿತು. ಬೆನ್ನಟ್ಟುವ ಪ್ರಾಣಿ ಹೋದರೂ ಓಟ ಉಳಿದಿದೆ. ಗುಂಪಿನ ಗಾತ್ರ ಮಾತ್ರ ಇಂದಿನ ಹುಲ್ಲಿನ ಎತ್ತರಕ್ಕೆ, ಇಂದಿನ ತೋಳಕ್ಕೆ, ಇಂದಿನ ನಾಯಿಗಳಿಗೆ ತಕ್ಕಂತೆ ದಿನದಿನವೂ ಬದಲಾಗುತ್ತದೆ.

ಹುಲ್ಲುಗಾವಲನ್ನು ಪಾಳುಭೂಮಿ ಎಂದು ಕಂದಾಯದ ಕಡತಗಳಲ್ಲಿ ಬರೆದು, ನಂತರ ಅಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು ಹಸಿರು ಮಾಡಿದೆವು ಎನ್ನುವ ಪದ್ಧತಿಯನ್ನು ನಾನು ಒಪ್ಪಲಾರೆ. ದೂರ ನೋಡುವುದನ್ನೇ ಬದುಕಿನ ಆಧಾರ ಮಾಡಿಕೊಂಡ ಪ್ರಾಣಿಗೆ ಮರಗಳ ಸಾಲು ಗೋಡೆಯಾಗುತ್ತದೆ.

ಕಾವಲುಗಳು ಉಳಿದದ್ದು ಮೂಲತಃ ದನಗಳಿಂದಾಗಿ. ಮೈಸೂರಿನ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು–ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿಯ ದನಗಳನ್ನು ಹೈದರಾಲಿ ಸೈನ್ಯಕ್ಕೆ ಬಳಸಿದ, ಟಿಪ್ಪು ಆ ವ್ಯವಸ್ಥೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಬೇಸಿಗೆ, ಮಳೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ದನಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಮಧ್ಯಾಹ್ನ ಅಜ್ಜಂಪುರದಲ್ಲಿ ಆ ತಳಿಯನ್ನು ಹತ್ತಿರದಿಂದ ನೋಡಿದೆವು: ಬೂದು ಬಣ್ಣ, ಹಿಂದಕ್ಕೆ ಬಾಗಿ ಚೂಪಾದ ಉದ್ದ ಕೊಂಬು, ಕಿರಿದಾದ ಮುಖ, ಗಟ್ಟಿ ಗೊರಸು, ಮೈಗೆ ಅಂಟಿದ ನುಣುಪು ಕೂದಲು. ಭುಜದ ಡುಬ್ಬ, ಗಿಡ್ಡ ಕೂದಲು, ಹೇರಳವಾದ ಬೆವರಿನ ಗ್ರಂಥಿಗಳು ಭಾರತದ ದನಗಳೆಲ್ಲವೂ ಬಿಸಿಲು ತಾಳಲು ಪಡೆದ ಸಾಮಾನ್ಯ ಸಿದ್ಧತೆ. ಅದರ ಮೇಲೆ ಮನುಷ್ಯ ನಡಿಗೆ ಮತ್ತು ತಾಳ್ಮೆಗಾಗಿ ಆರಿಸುತ್ತ ಹೋದದ್ದರ ಫಲ ಈ ತಳಿ. ಬಯಲಿನ ಶಾಖ ಮತ್ತು ಸೈನ್ಯದ ಅಗತ್ಯ ಎರಡೂ ಸೇರಿ ಒಂದು ದೇಹವನ್ನು ಕಡೆದಿವೆ.

ಸೋಮವಾರ, ಮುಳ್ಳಯ್ಯನಗಿರಿ

1,930 ಮೀಟರ್ ಎತ್ತರದ ನೆತ್ತಿಯಲ್ಲಿ ದಿನವಿಡೀ ಮಂಜು. ಹತ್ತು ಹೆಜ್ಜೆ ಆಚೆ ಏನೂ ಕಾಣದ ಕಾರಣ ಹೆಚ್ಚು ಹೊತ್ತು ಉಳಿಯಲಿಲ್ಲ. ಇಳಿಯುವಾಗ ಕಣಿವೆಯ ಮಡಿಲಲ್ಲಿ ಕುಬ್ಜ ಮರಗಳ ಶೋಲಾ ತುಣುಕುಗಳು ಆಗಾಗ ಕಂಡು ಮರೆಯಾದವು. ಸುತ್ತ ಹುಲ್ಲು, ನಡುವೆ ಕಾಡಿನ ತುಣುಕು, ಕೆಳಗೆಲ್ಲ ಬೆಚ್ಚನೆಯ ತಗ್ಗು: ತಂಪಿಗೆ ಒಗ್ಗಿದ ಹಕ್ಕಿಗೆ ಇಂಥ ಬೆಟ್ಟದ ತುದಿ ದ್ವೀಪವೇ. ಒಂದು ತುದಿಯಿಂದ ಇನ್ನೊಂದಕ್ಕೆ ಹಾರುವ ರೆಕ್ಕೆಯಿದ್ದರೂ ನಡುವಿನ ಬಿಸಿ ಕಣಿವೆಯನ್ನು ದಾಟದ ಹಕ್ಕಿಗಳು ಪಶ್ಚಿಮಘಟ್ಟದಲ್ಲಿವೆ. ವಿ.ವಿ. ರಾಬಿನ್ ಮತ್ತು ಸಂಗಡಿಗರು ಅವುಗಳ ಡಿಎನ್‌ಎ ಪರೀಕ್ಷಿಸಿ, ಶೋಲಾದ ಹಾಡುಹಕ್ಕಿಗಳಲ್ಲಿ ಎರಡು ಗುಂಪುಗಳು ಬೇರೆಲ್ಲೂ ಇಲ್ಲದ ಸ್ವತಂತ್ರ ಕುಲಗಳೆಂದು 2017ರಲ್ಲಿ ತೋರಿಸಿದರು. ಹವೆ ಬೆಚ್ಚಗಾಗುತ್ತ ಹೋದರೆ ಈ ಹಕ್ಕಿಗಳು ಇನ್ನೂ ಮೇಲೆ ಹೋಗಬೇಕಾಗುತ್ತದೆ. ಮುಳ್ಳಯ್ಯನಗಿರಿಗಿಂತ ಮೇಲೆ ಕರ್ನಾಟಕದಲ್ಲಿ ನೆಲವೇ ಇಲ್ಲ.

ಮಂಗಳವಾರ, ಕೊಟ್ಟಿಗೆಹಾರ

ಈ ಪ್ರವಾಸದ ನಡುಬಿಂದು ಇದೇ ಊರು. ಚಾರ್ಮಾಡಿ ಘಾಟಿಯ ತಲೆಯಲ್ಲಿರುವ, ನೀರುದೋಸೆಗೂ ಮಳೆಗೂ ಹೆಸರಾದ ಈ ಸಣ್ಣ ಊರಿನ ಹೆಸರು ಜಗತ್ತಿನ ಉಭಯಚರಗಳ ಪಟ್ಟಿಯಲ್ಲಿ ಶಾಶ್ವತವಾಗಿ ಸೇರಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ, ‘ಕರೆಂಟ್ ಸೈನ್ಸ್’ ಪತ್ರಿಕೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಇಲ್ಲಿನ ಹಳ್ಳದ ಒಂದು ಪುಟ್ಟ ಕಪ್ಪೆಯನ್ನು ವಿವರಿಸಿ ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಅವರು ಸಂಗ್ರಹಿಸಿಟ್ಟ ಮೂಲ ಮಾದರಿಗಳು ಮುಂದೆ ಕಳೆದುಹೋದವು, ಕಪ್ಪೆಯನ್ನು ಬಹುಕಾಲ ಇನ್ನೊಂದು ಪ್ರಭೇದದೊಳಗೆ ಸೇರಿಸಿಬಿಟ್ಟಿದ್ದರು. 2014ರಲ್ಲಿ ಎಸ್.ಡಿ. ಬಿಜು ಮತ್ತು ತಂಡ ಪಶ್ಚಿಮಘಟ್ಟದ ಕುಣಿಯುವ ಕಪ್ಪೆಗಳನ್ನು ಮತ್ತೆ ಪರಿಶೀಲಿಸಿ 14 ಹೊಸ ಪ್ರಭೇದಗಳನ್ನು ಹೆಸರಿಸಿದಾಗ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ತನ್ನ ಹೆಸರನ್ನು ಮರಳಿ ಪಡೆಯಿತು.

ತೋಟದ ಕೆಳಗಿನ ಹಳ್ಳಕ್ಕೆ ನಮ್ಮನ್ನು ಕರೆದೊಯ್ದವರು ಅಲ್ಲಿಯೇ ಕೆಲಸ ಮಾಡುವ ಒಬ್ಬ ಹೆಂಗಸು. ಜಿಗಣೆಗೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳಿ ಎಂದು ಮೊದಲೇ ಎಚ್ಚರಿಸಿ, ಏಲಕ್ಕಿ ಗಿಡಗಳ ನಡುವೆ ಇಳಿದರು. ನೀರಿನ ಸದ್ದು ಎಷ್ಟಿತ್ತೆಂದರೆ ಅಕ್ಕಪಕ್ಕ ನಿಂತವರೂ ಕೂಗಿ ಮಾತನಾಡಬೇಕಾಗಿತ್ತು. “ಅಗೋ, ಕಲ್ಲಿನ ಮೇಲೆ, ಎಡಗಾಲು ನೋಡ್ತಾ ಇರಿ ಮೇಡಮ್, ಈಗ ಒದರ್ತದೆ,” ಎಂದು ಅವರು ಬೆರಳು ತೋರಿಸಿದರು.

ಹೆಬ್ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ದೊಡ್ಡದಾದ, ಒದ್ದೆ ಕಲ್ಲಿನದೇ ಬಣ್ಣದ ಗಂಡು ಕಪ್ಪೆ. ಮೊದಲು ಗಂಟಲ ಚೀಲ ಉಬ್ಬಿ ಬೆಳ್ಳಗೆ ಮಿನುಗಿತು. ತೀಕ್ಷ್ಣವಾದ ಕೂಗು ಕೇಳಿಸಿತು. ಕೂಗು ಮುಗಿದ ಬಳಿಕ ಹಿಂಗಾಲು ನಿಧಾನವಾಗಿ ಮೇಲೆದ್ದು ಪೂರ್ತಿ ಚಾಚಿ, ಬೆರಳುಗಳ ನಡುವಿನ ಪೊರೆ ಬಿಚ್ಚಿಕೊಂಡು, ಅರ್ಧವೃತ್ತ ಬರೆದಂತೆ ಹಿಂದಕ್ಕೆ ಸರಿದು ಮತ್ತೆ ಮಡಚಿಕೊಂಡಿತು. ಆ ಪೊರೆಯ ಬಿಳುಪು ಹಳ್ಳದ ಮಬ್ಬು ಬೆಳಕಿನಲ್ಲಿ ಒಂದು ಕ್ಷಣ ಹೊಳೆದು ಆರಿತು. ಮಾರು ದೂರದ ಇನ್ನೊಂದು ಕಲ್ಲಿನಿಂದ ಅದಕ್ಕೆ ಉತ್ತರವಾಗಿ ಇನ್ನೊಂದು ಕಾಲು ಎದ್ದಿತು. ವಿದ್ಯಾರ್ಥಿನಿ ಕ್ಯಾಮೆರಾ ಹಿಡಿದ ಕೈ ಅಲುಗಿಸದೆ ಬಹಳ ಹೊತ್ತು ನೀರಿನಲ್ಲಿ ನಿಂತೇ ಇದ್ದಳು.

ಕಾಲೆತ್ತುವ ಈ ರೂಢಿಗೆ ಕಾರಣ ಹಳ್ಳದ ಸದ್ದು. ಧುಮ್ಮಿಕ್ಕುವ ನೀರಿನ ಭೋರ್ಗರೆತದಲ್ಲಿ ಕೂಗು ಕರಗಿಹೋಗುತ್ತದೆ. ಹೀಗಾಗಿ ಕೂಗಿನ ಸ್ವರ ಎತ್ತರಕ್ಕೆ ಏರಿದೆ, ಜೊತೆಗೆ ಕಣ್ಣಿಗೆ ಕಾಣುವ ಸನ್ನೆಯೂ ಬೆಳೆದಿದೆ. ಪಶ್ಚಿಮಘಟ್ಟದ ಇದೇ ಕುಲದ ಇನ್ನೊಂದು ಕಪ್ಪೆಯ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಕೂಗು ಎದುರಾಳಿಯ ಗಮನವನ್ನು ಮೊದಲು ಇತ್ತ ಸೆಳೆಯುತ್ತದೆ, ಬಳಿಕ ಕಾಲಿನ ಸನ್ನೆ ಸಂದೇಶವನ್ನು ಮುಟ್ಟಿಸುತ್ತದೆ ಎಂದು ಸೂಚಿಸಿದವು. ಬೋರ್ನಿಯೊದ ಹಳ್ಳಗಳಲ್ಲಿ ಸ್ಟೌರೊಯಿಸ್ ಕುಲದ ಕಪ್ಪೆಗಳೂ ಬ್ರೆಜಿಲ್ಲಿನಲ್ಲಿ ಹೈಲೋಡೆಸ್ ಕುಲದ ಕಪ್ಪೆಗಳೂ ಇದೇ ರೀತಿ ಕಾಲೆತ್ತುತ್ತವೆ. ಇವು ಹತ್ತಿರದ ನಂಟರಲ್ಲ. ಪರಸ್ಪರ ದೂರದ ಮೂರು ನಾಡುಗಳಲ್ಲಿ ಒಂದೇ ಬಗೆಯ ಹಳ್ಳ ಒಂದೇ ಬಗೆಯ ಉತ್ತರವನ್ನು ಬೇರೆ ಬೇರೆಯಾಗಿ ಹೊರತೆಗೆದಿದೆ. ಬೋರ್ನಿಯೊದ ಕಪ್ಪೆಯ ಕಾಲಿನ ಸ್ನಾಯುಗಳಲ್ಲಿ ಗಂಡು ಹಾರ್ಮೋನನ್ನು ಗ್ರಹಿಸುವ ವ್ಯವಸ್ಥೆ ಹೆಚ್ಚಾಗಿರುವುದನ್ನು 2016ರಲ್ಲಿ ಗುರುತಿಸಿದರು. ಅಂದರೆ ನಡವಳಿಕೆ ಎಂದು ನಾವು ಕರೆಯುವ ಈ ಕುಣಿತ ಸ್ನಾಯುವಿನ ಒಳಗೂ ಬರೆದಿರುತ್ತದೆ. ದೇಹ ಮತ್ತು ನಡವಳಿಕೆಯನ್ನು ಎರಡು ಬೇರೆ ಅಧ್ಯಾಯಗಳಾಗಿ ಕಲಿಸುವ ನಮ್ಮ ಪಠ್ಯಕ್ರಮ ಇಂಥ ಕಡೆ ಸಾಲದು.

ಮರಿಗಳ ಕಥೆ ಇನ್ನೂ ವಿಚಿತ್ರ. ಹೆಣ್ಣು ಆಳವಿಲ್ಲದ ನೀರಿನ ತಳವನ್ನು ಹಿಂಗಾಲಿನಿಂದ ಕೆದರಿ, ಅಲ್ಲಿ ಮೊಟ್ಟೆಯಿಟ್ಟು ಮರಳು–ಜಲ್ಲಿಯಿಂದ ಮುಚ್ಚುತ್ತದೆ. ಈ ಕುಲದ ಗೊದಮೊಟ್ಟೆಗಳನ್ನು ಬಹುಕಾಲ ಯಾರೂ ಕಂಡಿರಲಿಲ್ಲ. ಅವು ನೀರಿನಲ್ಲಿ ಈಜದೆ ಹಳ್ಳದ ತಳದ ಮರಳಿನೊಳಗೆ ಹುದುಗಿ ಬೆಳೆಯುತ್ತವೆ ಎಂಬುದು ಹೊರಬಂದದ್ದು 2016ರಲ್ಲಿ, ಕೇರಳದ ಒಂದು ಪ್ರಭೇದದ ಅಧ್ಯಯನದಿಂದ. ಹಾವುಮೀನಿನಂತೆ ಉದ್ದನೆಯ ಮೈ, ಬಲವಾದ ಬಾಲ, ಮರಳಿನ ತಿಕ್ಕಾಟದಿಂದ ಕಾಪಾಡಲು ಕಣ್ಣಿನ ಮೇಲೆ ಚರ್ಮದ ಹೊದಿಕೆ, ದೊಡ್ಡ ಹರಳುಗಳು ಒಳಹೋಗದಂತೆ ತಡೆಯುವ ಗರಗಸದಂಥ ದವಡೆಯಂಚು; ಜೊತೆಗೆ ಗೊದಮೊಟ್ಟೆಗಳಲ್ಲಿ ಅಪರೂಪವಾದ ಪಕ್ಕೆಲುಬು. ಕುಣಿಯುವ ದೊಡ್ಡ ಕಪ್ಪೆ ಕಲ್ಲಿನ ಮೇಲೆ, ಕಾಣದ ಮರಿ ಅದೇ ಹಳ್ಳದ ಅಡಿಯಲ್ಲಿ. ಇಡೀ ಬಾಳನ್ನು ಕೆಲವು ಮಾರು ಉದ್ದದ ಹಳ್ಳವೇ ಹಿಡಿದಿಟ್ಟಿದೆ.

ಹಳ್ಳದ ಪಕ್ಕದ ನೀರು ಜಿನುಗುವ ಬಂಡೆಯಲ್ಲಿ ಇಂಡಿರಾನಾ ಕುಲದ ಗೊದಮೊಟ್ಟೆಗಳೂ ಸಿಕ್ಕವು. ಕೊಳದ ನೀರೇ ಬೇಡ ಇವಕ್ಕೆ. ಒದ್ದೆ ಕಲ್ಲಿನ ಮೈಗೆ ಅಂಟಿಕೊಂಡು, ಕೈ ಹತ್ತಿರ ತಂದರೆ ಉದ್ದ ಬಾಲವನ್ನು ಕಲ್ಲಿಗೆ ಬಡಿದು ನೆಗೆಯುತ್ತವೆ. ಹಿಂಗಾಲುಗಳು ಬೇರೆ ಗೊದಮೊಟ್ಟೆಗಳಿಗಿಂತ ಬೇಗ ಮೂಡುತ್ತವೆ. ಇದೇ ಕಾಡಿನ ಪೊದೆಗಪ್ಪೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೊದಮೊಟ್ಟೆಯ ಹಂತವನ್ನೇ ಬಿಟ್ಟಿವೆ; ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ. ಆ ಪೊದೆಗಪ್ಪೆಗಳ ರಾವೊರ್ಕೆಸ್ಟಿಸ್ ಎಂಬ ಕುಲನಾಮದಲ್ಲಿ ನಾರಾಯಣ ರಾಯರ ಹೆಸರಿದೆ.

ಬುಧವಾರ, ಕಳಸದ ಕಡೆಯ ಅಡಿಕೆ ತೋಟ

ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಹೊಡೆದ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ ಮರಗಳ ಮೇಲೆ ಇನ್ನೂ ಉಳಿದಿತ್ತು. ಆ ನೀಲಿಯ ಪಕ್ಕದಲ್ಲೇ, ಕಾಂಡದ ಕಲ್ಲುಹೂವಿನ ಮಚ್ಚೆಯೆಂದೇ ತೋರುವ ಬೂದು ಮೈಯ ಹಾರುವ ಓತಿ ಕುಳಿತಿತ್ತು. ಗಲ್ಲದ ಕೆಳಗಿನ ಹಳದಿ ಚರ್ಮವನ್ನು ಒಮ್ಮೆ ಚಾಚಿ ಒಳಗೆಳೆದುಕೊಂಡಾಗಲೇ ಅದು ಗಂಡೆಂದು ತಿಳಿದದ್ದು. ಮರದಿಂದ ಮರಕ್ಕೆ ದಾಟುತ್ತ ಅಡಿಕೆ ಗೊನೆ ಇಳಿಸುವ ಕೊನೆಗಾರರು ಇದನ್ನು ಕಣ್ಣಿನ ಮಟ್ಟದಲ್ಲೇ ಕಾಣುತ್ತಾರೆ. “ನಾವು ಹತ್ತಿದ್ರೆ ಅದು ಮರದ ಆಚೆ ಮಗ್ಗುಲಿಗೆ ಹೋಗ್ತದೆ ಮಾರಾಯ್ರೆ, ನಾವು ಆಚೆ ಬಗ್ಗಿದ್ರೆ ಈಚೆ. ಬೇರೆ ದಾರಿ ಇಲ್ಲದಿದ್ರೆ ಮಾತ್ರ ಹಾರೋದು,” ಎಂದರು ಒಬ್ಬ ಕೊನೆಗಾರರು. ಬೇಟೆಗಾರನಿಂದ ತಪ್ಪಿಸಿಕೊಳ್ಳುವ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ.

ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಚರ್ಮದ ಪೊರೆಯನ್ನು ಬಿಡಿಸಿ ಹಿಡಿಯುತ್ತವೆ ಎಂಬುದು ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಅದನ್ನು ಗಾಳಿಯಲ್ಲಿ ತಿರುಗಿಸುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 2017ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಮ್ಯಾಕ್ಸಿಮಿಲಿಯನ್ ಡೇಲಿಂಗ್ ಎಂಬ ಜರ್ಮನ್ ವಿಜ್ಞಾನಿ ಹಾರಾಟದ ಚಿತ್ರಗಳನ್ನು ಪರಿಶೀಲಿಸಿ, ಜಿಗಿದ ಕೂಡಲೇ ಓತಿಯು ಮುಂಗಾಲುಗಳನ್ನು ಹಿಂದಕ್ಕೆ ತಿರುಗಿಸಿ ಪೊರೆಯ ಮುಂದಿನ ಅಂಚನ್ನು ಬೆರಳುಗಳಿಂದ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. ಕೈ ಮತ್ತು ಪಕ್ಕೆಲುಬು ಎರಡೂ ಸೇರಿ ಆದ ರೆಕ್ಕೆ ಅದು. ಎದುರಿನ ಮರಕ್ಕೆ ಇಳಿಯುವ ಮುನ್ನ ಅಂಚನ್ನು ಬಿಟ್ಟು, ಅದೇ ಕೈಗಳಿಂದ ಕಾಂಡವನ್ನು ತಬ್ಬುತ್ತದೆ. ಒಂಬತ್ತು ಅಡಿಗೊಂದರಂತೆ ನೆಟ್ಟ, ಕೊಂಬೆಯಿಲ್ಲದ ನೇರ ಕಾಂಡಗಳ ತೋಟ ಇಂಥ ದೇಹಕ್ಕೆ ಸಲೀಸಾದ ನೆಲೆಯೇ ಆಗಿದೆ. ಕಾಡಿಗಾಗಿ ರೂಪುಗೊಂಡ ದೇಹಕ್ಕೆ ಮನುಷ್ಯ ಕಟ್ಟಿದ ಜಾಗವೊಂದು ಹೊಂದಿಕೊಂಡದ್ದು ಅದರ ಅದೃಷ್ಟ. ಹೆಣ್ಣು ಮಾತ್ರ ಮೊಟ್ಟೆಯಿಡಲು ನೆಲಕ್ಕೆ ಇಳಿಯಲೇಬೇಕು; ತೋಟದ ನೆಲಕ್ಕೆ ಏನು ಸುರಿಯುತ್ತೇವೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ.

ತೋಟದ ಬೇಲಿಯಾಚೆ ಮಲೆನಾಡು ಗಿಡ್ಡ ದನಗಳು ಮೇಯುತ್ತಿದ್ದವು. ಹೆಗಲಿನ ಎತ್ತರ ಸುಮಾರು 90 ಸೆಂಟಿಮೀಟರ್. ಭಾನುವಾರ ಕಂಡ ಅಮೃತಮಹಲ್ ಎತ್ತಿನ ಪಕ್ಕದಲ್ಲಿ ನಿಲ್ಲಿಸಿದರೆ ಕರುವೆಂದೇ ತೋರೀತು. ತಿಂಗಳುಗಟ್ಟಲೆ ಸುರಿವ ಮಳೆ ಮಣ್ಣಿನ ಸತ್ವವನ್ನು ತೊಳೆದೊಯ್ಯುವುದರಿಂದ ಇಲ್ಲಿನ ಹುಲ್ಲಿನಲ್ಲಿ ಕಸುವು ಕಡಿಮೆ. ಅಷ್ಟರಲ್ಲೇ ಬದುಕಲು ಚಿಕ್ಕ ಮೈ, ಜಾರುವ ಇಳಿಜಾರಿನಲ್ಲಿ ನಡೆಯಲು ಗಟ್ಟಿ ಗೊರಸಿನ ಚಿಕ್ಕ ಕಾಲು. ಒಂದೇ ಜಿಲ್ಲೆಯ ಎರಡು ತುದಿಗಳು ಒಂದೇ ಪ್ರಾಣಿಯನ್ನು ಎರಡು ಅಳತೆಗೆ ಹೊಲಿದಿವೆ.

ಸಂಜೆ ಮನೆಯ ದೀಪಕ್ಕೆ ಬಂದ ಕಂದು ಚಿಟ್ಟೆ ಮೆಲಾನಿಟಿಸ್ ಲೀಡ. ರೆಕ್ಕೆಯಡಿ ಸ್ಪಷ್ಟವಾದ ಕಣ್ಣುಚುಕ್ಕೆಗಳ ಸಾಲಿತ್ತು. ಒಣ ಕಾಲದಲ್ಲಿ ಇದೇ ಚಿಟ್ಟೆಯ ಇನ್ನೊಂದು ರೂಪ ಹುಟ್ಟುತ್ತದೆ. ಅದರಲ್ಲಿ ಚುಕ್ಕೆಗಳು ಬಹುಮಟ್ಟಿಗೆ ಅಳಿದು ರೆಕ್ಕೆ ಒಣ ಎಲೆಯಂತೆ ಕಾಣುತ್ತದೆ. ಇದೇ ಬಳಗದ ಆಫ್ರಿಕಾದ ಚಿಟ್ಟೆಯೊಂದರಲ್ಲಿ ಪಾಲ್ ಬ್ರೇಕ್‌ಫೀಲ್ಡ್ ಮತ್ತು ಸಂಗಡಿಗರು, ಹುಳುವಾಗಿದ್ದಾಗಿನ ಹವೆಯ ಶಾಖವೇ ಯಾವ ರೂಪ ಬರಬೇಕೆಂಬುದನ್ನು ತೀರ್ಮಾನಿಸುತ್ತದೆ ಎಂದು ತೋರಿಸಿದ್ದಾರೆ. ಹಸಿರು ಕಾಲದಲ್ಲಿ ಹಕ್ಕಿಯ ಕೊಕ್ಕನ್ನು ಮೈಯಿಂದ ರೆಕ್ಕೆಯಂಚಿಗೆ ಸೆಳೆಯಲು ಚುಕ್ಕೆ, ಒಣ ಕಾಲದಲ್ಲಿ ತರಗೆಲೆಯ ನಡುವೆ ಕಾಣದಿರಲು ಮರೆ. ವಂಶವಾಹಿ ಒಂದೇ, ದೇಹ ಎರಡು.

ಗುರುವಾರ, ಸಕಲೇಶಪುರ–ಆಲೂರು

ಕಾಫಿ ತೋಟದ ಕೆಲಸ ನೋಡಿಕೊಳ್ಳುವ ರೈಟರು ಬೆಳಿಗ್ಗೆಯೇ ಫೋನಿನಲ್ಲಿ ವಾಟ್ಸಾಪ್ ಸಂದೇಶ ತೋರಿಸಿದರು. ಆನೆಗಳ ಗುಂಪು ಯಾವ ತೋಟದಲ್ಲಿದೆ, ಯಾವ ರಸ್ತೆಯಲ್ಲಿ ಓಡಾಡಬಾರದು ಎಂಬ ಅರಣ್ಯ ಇಲಾಖೆಯ ಎಚ್ಚರಿಕೆ ಅದು. ಇಲ್ಲಿನ ಕೆಲವು ಗುಂಪುಗಳ ಹಿರಿಯ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ. ಆ ದಿನ ನಾವು ಹೋಗಬೇಕಿದ್ದ ತೋಟಕ್ಕೆ ಕೆಲಸದವರನ್ನು ಕಳಿಸಿರಲಿಲ್ಲ, ನಾವೂ ಹೋಗಲಿಲ್ಲ. ರಸ್ತೆಯಂಚಿನ ಗದ್ದೆಯಲ್ಲಿ ರಾತ್ರಿಯ ಹೆಜ್ಜೆಗುರುತುಗಳು ನೀರು ತುಂಬಿ ನಿಂತಿದ್ದವು, ಬೈನೆ ಮರವೊಂದು ಸೀಳಿ ಬಿದ್ದಿತ್ತು.

ಈ ಭಾಗದ ಜನರ ನೋವನ್ನು ಬದಿಗಿಟ್ಟು ಆನೆಯ ಹೊಂದಾಣಿಕೆಯ ಬಗ್ಗೆ ಬರೆಯುವುದು ಸರಿಯಲ್ಲ. ಇಲ್ಲಿ ಆನೆ ತುಳಿತಕ್ಕೆ ಸತ್ತವರ ಮನೆಗಳಿವೆ, ಬೆಳೆ ಕೈಗೆ ಬರದ ಗದ್ದೆಗಳಿವೆ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಅದೇ ಜಾಗಕ್ಕೆ ಬಂದವು. ತೋಟದ ನೆರಳು, ಕೆರೆಯ ನೀರು, ಹಲಸು, ಬೈನೆ, ಕಣಿವೆಯ ಭತ್ತ ಎಲ್ಲವೂ ಮೊದಲಿನಂತೆಯೇ ಇದ್ದಾಗ ಜಾಗ ಖಾಲಿ ಉಳಿಯುವುದು ಸಾಧ್ಯವಿರಲಿಲ್ಲ.

ಆನೆಯ ದೇಹವನ್ನು ನೋಡಿದರೆ ತೋಟಕ್ಕೆಂದು ಯಾವ ಬದಲಾವಣೆಯೂ ಅದರಲ್ಲಿಲ್ಲ. ಬದಲಾಗಿರುವುದು ದಿನಚರಿ ಮತ್ತು ಒಡನಾಟ. ಹಗಲು ಕಾಫಿ ಗಿಡಗಳ ನಡುವೆ ಸದ್ದಿಲ್ಲದೆ ನಿಂತು ರಾತ್ರಿ ಗದ್ದೆಗೆ ಇಳಿಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಹಾಸನ ಭಾಗದ ಬೆಳೆ ಮೇಯುವ ಆನೆಗಳ ಲದ್ದಿಯನ್ನು ಸಂರಕ್ಷಿತ ಕಾಡಿನ ಆನೆಗಳ ಲದ್ದಿಯೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಬಹುಜನರ ನಿರೀಕ್ಷೆಗೆ ವಿರುದ್ಧವಾಗಿತ್ತು. ಪಟಾಕಿ, ಕೂಗಾಟ, ಬೆನ್ನಟ್ಟುವಿಕೆಗಳ ನಡುವೆ ಬದುಕುವ ಆನೆಗಳಲ್ಲೇ ಒತ್ತಡದ ಹಾರ್ಮೋನಿನ ಅಂಶ ಕಡಿಮೆಯಿತ್ತು. ಅವುಗಳ ಆಹಾರ ಹೆಚ್ಚು ಸತ್ವದ್ದು ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಅದೇ ವರ್ಷ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ದಕ್ಷಿಣ ಭಾರತದ ಆನೆಗಳ ಬಗ್ಗೆ ಇನ್ನೊಂದು ಬದಲಾವಣೆಯನ್ನು ದಾಖಲಿಸಿದರು. ಸಾಮಾನ್ಯವಾಗಿ ಒಂಟಿಯಾಗಿ ತಿರುಗುವ ಗಂಡಾನೆಗಳು ಕಾಡು ಹರಿದು ಹೊಲಗಳಾದ ಪ್ರದೇಶಗಳಲ್ಲಿ ಗಂಡುಗಳದೇ ಗುಂಪು ಕಟ್ಟಿಕೊಂಡು ಬಹುಕಾಲ ಜೊತೆಗಿರುತ್ತವೆ. ಎಳೆಯ ಗಂಡುಗಳು ಹಿರಿಯರ ಬೆನ್ನ ಹಿಂದೆ ಇದ್ದು ಅಪಾಯದ ನಡುವೆ ಮೇಯುವುದನ್ನು ಕಲಿಯುತ್ತಿರಬಹುದು. ಹಾಗಿದ್ದರೆ ಅನುಭವಸ್ಥ ಆನೆಯನ್ನು ಹಿಡಿದು ಸಾಗಿಸಿದ ಮಾತ್ರಕ್ಕೆ ಆ ಕಲಿಕೆಯೂ ಅದರೊಡನೆ ಹೋಗುತ್ತದೆಂದು ಹೇಳಲಾಗದು.

ಊಟದ ಹೊತ್ತಿಗೆ ಮೇಷ್ಟ್ರು ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದರು. ಆನೆ ತನ್ನ ಸಮಯವನ್ನೂ ಸಂಗಾತಿಗಳನ್ನೂ ಬದಲಿಸಿಕೊಂಡಿತು. ಓತಿಕ್ಯಾತ ಹೊಸ ಅಡಗುತಾಣವನ್ನು ಕಲಿತಿತು. ಕೊಟ್ಟಿಗೆಹಾರದ ಕಪ್ಪೆ ಏನು ಬದಲಿಸಿಕೊಳ್ಳಬಲ್ಲದು? ಅದರ ಕೂಗು, ಕುಣಿತ, ಮರಿಯ ದವಡೆ ಎಲ್ಲವೂ ಹರಿವ ಹಳ್ಳವನ್ನೇ ನಂಬಿಕೊಂಡಿವೆ. ರೈಟರು ಮಧ್ಯೆ ಮಾತನಾಡಿ, ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಕಾಫಿ ಹೂ ಅರಳಿಸಲು ಹಳ್ಳಕ್ಕೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಹಾಯಿಸುವುದು ಈ ಕಡೆ ಎಲ್ಲರ ರೂಢಿ ಎಂದರು. ಕೆಲವು ವರ್ಷ ಹಳ್ಳದ ತಳದ ಮರಳು ಕಾಣುವವರೆಗೂ ನೀರೆತ್ತುತ್ತಾರಂತೆ.

ವಿದ್ಯಾರ್ಥಿನಿ ಬರೆಯುವುದನ್ನು ನಿಲ್ಲಿಸಿ, ಆ ತಿಂಗಳುಗಳಲ್ಲಿ ಮರಳಿನೊಳಗೆ ಗೊದಮೊಟ್ಟೆ ಇರುತ್ತದೆಯೇ ಎಂದು ಕೇಳಿದಳು. ಮಳೆಗಾಲ ಮುಗಿದ ಮೇಲೆ ಮೊಟ್ಟೆಯಿಡುವ ಕಪ್ಪೆಯಾದ್ದರಿಂದ ಇರುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ನೀರೆತ್ತುವ ಹಳ್ಳ ಮತ್ತು ನೀರೆತ್ತದ ಹಳ್ಳ ಎರಡರ ತಳವನ್ನೂ ಅದೇ ತಿಂಗಳಲ್ಲಿ ಜರಡಿ ಹಿಡಿದು ನೋಡಬೇಕು ಎಂದು ಅವಳು ತೀರ್ಮಾನಿಸಿದಳು. ಫೆಬ್ರವರಿಯಲ್ಲಿ ತಮ್ಮ ತೋಟದ ಹಳ್ಳಕ್ಕೇ ಮೊದಲು ಬರಬೇಕೆಂದು ರೈಟರು ದಾರಿ ಹೇಳಿಕೊಟ್ಟರು. ಮೋಟಾರು ಹಚ್ಚುವ ಮುನ್ನ ಮಾಲೀಕರ ಬಳಿ ಮಾತನಾಡಿ ಫೋನು ಮಾಡುವುದಾಗಿಯೂ ಒಪ್ಪಿಕೊಂಡರು.